ಚಪ್ಪೆಗೆ ಮೂರು ದಾರಿ

ಬೀಗರ ಹತ್ತಿರ ಏನು ಕೇಳಬೇಕು, ಏನು ಕೇಳಬಾರದು ಎಂಬ ವಿಷಯದಲ್ಲಿ ನಮ್ಮ ಕಡೆ ಬಹಳ ಕಟ್ಟುನಿಟ್ಟು. ಮಳೆ-ಬೆಳೆ ಕೇಳಬಹುದು, ಮೊಮ್ಮಕ್ಕಳ ಸಾಲಿ ಕೇಳಬಹುದು, ಅದರಾಚೆ ಹೋಗುವುದಾದರೆ ಎರಡು ಸಲ ವಿಚಾರ ಮಾಡಬೇಕು. ನಾನು ಮಾತ್ರ ಬೀಳಗಿಗೆ ಹೋಗಿ, ನನ್ನ ಮಗನ ಮಾವನವರಾದ ರಾಯರ ಎದುರು ಕೂತು, ಸ್ವಲ್ಪ ಕೆಮ್ಮಿ, "ಒಂದ್ಸಲ ಧೋತರ ಸರಿಸಿ ತೋರಸ್ತೀರೇನ್ರಿ?" ಎಂದು ಕೇಳಿಬಿಟ್ಟೆ. ಮಕ್ಕಳ ಮದುವೆಯಾದಾಗಿನಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಿದ ಅತ್ಯಂತ ಆತ್ಮೀಯವಾದ ಪ್ರಶ್ನೆ ಅದೇ ಇರಬೇಕು.

ತಪ್ಪು ತಿಳಿಯಬೇಡಿ. ನನ್ನ ಬಲಗಡೆಯ ಚಪ್ಪೆ ಸವೆದುಹೋಗಿತ್ತು. ತೊಡೆಯ ಎಲುಬಿನ ತಲೆ ಸೊಂಟದ ಗುಣಿಯಲ್ಲಿ ಕೂತು ತಿರುಗುವ ಕೀಲು ಅದು, ಒರಳಿನಲ್ಲಿ ಗುಂಡಕಲ್ಲು ತಿರುಗಿದ ಹಾಗೆ. ಎಪ್ಪತ್ತು ವರ್ಷ ರುಬ್ಬಿದ ಮೇಲೆ ಒರಳೂ ಹಾಳು, ಗುಂಡೂ ಹಾಳು. ಎರಡನ್ನೂ ಬದಲಿಸೋಣ ಎಂದು ಮಿರಜದ ಡಾಕ್ಟರಬಾಯಿ ಹೇಳಿದರು. ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಆ ಕೀಲು ಮುಟ್ಟಲು ಮೂರು ಕಡೆಯಿಂದ ಕೊಯ್ಯಬಹುದು, ಹಿಂದಿನಿಂದ, ಮುಂದಿನಿಂದ, ಇಲ್ಲವೇ ಪಕ್ಕದಿಂದ ಎಂದು ಮಾತಿಗೆ ಮಾತು ಸೇರಿಸಿದರು. ಜಮಖಂಡಿಯಲ್ಲಿ ಜೀವಮಾನವಿಡೀ ಭೂಗೋಳ ಕಲಿಸಿದವನ ಎದುರು ಮೂರು ದಾರಿಗಳಿವೆ ಎನ್ನಬಾರದು. ಯಾವ ದಾರಿ ಹತ್ತಿರ, ಯಾವುದು ದೂರ, ಎಲ್ಲಿ ಹಳ್ಳ, ಎಲ್ಲಿ ದಿಬ್ಬ ಎಂದು ತಿಳಿಯುವವರೆಗೆ ಅವನಿಗೆ ನಿದ್ದೆ ಹತ್ತುವುದಿಲ್ಲ.

ನನಗೆ ತಿಳಿಯಬೇಕಾಗಿದ್ದುದು ನಿಜವಾಗಿ ಒಂದೇ. ಆಮೇಲೆ ನೆಲದ ಮೇಲೆ ಕೂಡಲು ಬರುತ್ತದೋ ಇಲ್ಲವೋ? ಈ ಚಿಂತೆಗೆ ಕಾರಣ ಮುಧೋಳದಲ್ಲಿರುವ ನನ್ನ ಅಕ್ಕ. ಅವ್ವ ಹೋದಾಗ ನಾನು ಸಣ್ಣವ, ನನ್ನನ್ನು ಕಲಸಿದ ಅನ್ನದ ತುತ್ತಿನ ಮೇಲೆ ಬೆಳೆಸಿದವಳು ಅವಳೇ. ಏಕಾದಶಿಯ ದಿನ ಅವಳು ನೀರಿನ ಹೊರತು ಏನೂ ಮುಟ್ಟುವುದಿಲ್ಲ. ಮರುದಿನ ದ್ವಾದಶಿ, ಬೆಳಗಾಗುತ್ತಲೇ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಪಂಕ್ತಿಗೆ ಇನ್ನೊಬ್ಬರಿಲ್ಲದೆ ಆ ಊಟ ಅವಳ ಗಂಟಲಿನಲ್ಲಿ ಇಳಿಯುವುದಿಲ್ಲ. ಭಾವ ಇರುವತನಕ ಅವರಿದ್ದರು. ಮಗ-ಸೊಸೆ ಛಲೋ ನೋಡಿಕೊಳ್ಳುತ್ತಾರೆ, ಆದರೆ ಅವರು ಮೇಜಿನ ಮೇಲೆ ಉಣ್ಣುವವರು, ಮೇಜು ಅಕ್ಕನ ಮಡಿಗೆ ಆಗದು. ಹೀಗಾಗಿ ಪ್ರತಿ ದ್ವಾದಶಿಗೂ ನಾನು ಜಮಖಂಡಿಯಿಂದ ಮೊದಲನೆಯ ಬಸ್ಸು ಹಿಡಿದು ಹೋಗಿ, ಅಡಿಗೆಮನೆಯ ನೆಲದ ಮೇಲೆ ಅವಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದೆ. ಹಿಂದಿನ ದಿನ ನಾನು ಉಪವಾಸದ ಹೆಸರಿನಲ್ಲಿ ಸಾಬೂದಾಣಿ ಖಿಚಡಿಯನ್ನು ಹೊಟ್ಟೆ ಬಿರಿಯೆ ತಿಂದಿರುತ್ತೇನೆ ಎಂಬುದು ಅವಳಿಗೆ ಗೊತ್ತು. ಆ ಮಾತನ್ನು ಇಬ್ಬರೂ ತೆಗೆಯುವುದಿಲ್ಲ.

ಈಚೆಗಂತೂ ನಾನು ಒಂಟೆಯ ಹಾಗೆ ಒಂದೊಂದೇ ಕೀಲು ಮಡಿಸಿ ಕೂಡುತ್ತಿದ್ದೆ. ಎಬ್ಬಿಸಲು ಇಬ್ಬರು ಬೇಕಾಗುತ್ತಿದ್ದರು. ಆಪರೇಷನ್ ಆದ ಮೇಲೆ ನೆಟ್ಟಗೆ ಕೂಡಬಹುದು ಎಂಬ ಆಸೆಯಿಂದಲೇ ಒಪ್ಪಿದ್ದೆ.

ಇನ್ನು ನಮ್ಮ ಕಡೆ ಆಪರೇಷನ್ ಎಂದರೆ ಡಾಕ್ಟರನ್ನು ಕೇಳುವುದು ಕಟ್ಟಕಡೆಗೆ. ಮೊದಲು ಮಾಡಿಸಿಕೊಂಡವರನ್ನು ಕೇಳಬೇಕು, ಹೊಲಿಗೆಯನ್ನು ಕಣ್ಣಾರೆ ನೋಡಬೇಕು. ಎತ್ತಿನ ಹಲ್ಲು ನೋಡದೆ ಯಾರಾದರೂ ಹಗ್ಗ ಹಿಡಿಯುತ್ತಾರೆಯೇ? ಅಪೆಂಡಿಕ್ಸಿನವರು ಅಂಗಿ ಎತ್ತಿ ಕಟ್ಟೆಯ ಮೇಲೆಯೇ ತೋರಿಸುತ್ತಾರೆ. ಚಪ್ಪೆಯ ಹೊಲಿಗೆಗೆ ಮಾತ್ರ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.

ಮೊದಲು ಬನಹಟ್ಟಿಗೆ ಹೋದೆ. ಅಲ್ಲಿ ನನ್ನ ಸಾಲಿಯ ಗೆಳೆಯ ಈರಪ್ಪನ ಮಗ್ಗಗಳಿವೆ. ಅವನದು ಮುಂದಿನಿಂದ ಮಾಡಿದ್ದು. ಮಗ್ಗದ ಸಪ್ಪಳದ ನಡುವೆಯೇ ಒಳಕೋಣೆಗೆ ಕರೆದೊಯ್ದು ತೊಡೆಯ ಮುಂಭಾಗದ ಗೆರೆ ತೋರಿಸಿದ. ಗೇಣಿಗೂ ಕಡಿಮೆ. "ಎಳಿ ಕಡದಿಲ್ಲಪಾ ಮಾಸ್ತರ, ಸರಿಸಿ ಒಳಗ ಹೋಗ್ಯಾರ. ಮರುದಿನಾನ ಎದ್ದ ಅಡ್ಡಾಡೇನಿ!" ಎಂದ. ಎಳೆ ಎಂದರೆ ಅವನ ಭಾಷೆಯಲ್ಲಿ ಸ್ನಾಯು. ತೊಡೆಯ ಮೇಲೆ ಅಂಗೈಯಗಲದ ಜಾಗ ಇನ್ನೂ ಜೋಮು ಹಿಡಿದಂತೆ ಇದೆ ಎಂಬುದನ್ನು ನಾನು ಹೊರಡುವಾಗ ಮೆಲ್ಲಗೆ ಹೇಳಿದ. ಪಕ್ಕದಿಂದ ಮಾಡಿಸಿಕೊಂಡವರು ನಮ್ಮ ಓಣಿಯ ಪೋಸ್ಟಮಾಸ್ತರರು. ಅವರು ಹೊಲಿಗೆ ತೋರಿಸಲಿಲ್ಲ, ನಡೆದು ತೋರಿಸಿದರು. ಸ್ವಲ್ಪ ಓಲುತ್ತಾರೆ. ಮೊದಲೂ ಓಲುತ್ತಿದ್ದರು ಎಂದು ಅವರ ಮನೆಯವರು ಹೇಳುತ್ತಾರೆ.

ಉಳಿದದ್ದು ಹಿಂದಿನಿಂದ, ಅದಕ್ಕೇ ಬೀಳಗಿ. ರಾಯರು ದೊಡ್ಡ ಮನಸ್ಸಿನವರು. ಎದ್ದು ಬಾಗಿಲು ಮುಂದೆ ಮಾಡಿ, ಗೋಡೆಯ ಕಡೆ ಮುಖ ತಿರುಗಿಸಿ, ಧೋತರ ಸರಿಸಿದರು. ನಾನು ಕನ್ನಡಕ ಏರಿಸಿಕೊಂಡು ಬಗ್ಗಿ, ಗೇಣು ಹಾಕಿ ಅಳೆಯಬೇಕೆನ್ನುವಷ್ಟರಲ್ಲಿ ಅವರ ಮನೆಯವರು ಚಹಾದ ತಾಟು ಹಿಡಿದು ಒಳಗೆ ಬಂದರು. ಒಂದು ಕ್ಷಣ ನಿಂತರು. "ಚಹಾ ಆಮ್ಯಾಲೆ ತರ್ತೀನ್ರಿ" ಎಂದು ಹಾಗೆಯೇ ಹಿಂದಕ್ಕೆ ಸರಿದರು. ಈ ಸುದ್ದಿ ಅದೇ ಸಂಜೆ ಫೋನಿನಲ್ಲಿ ನನ್ನ ಸೊಸೆಗೆ ಮುಟ್ಟಿತು. ಸೊಸೆ ನನಗೆ ಊಟಕ್ಕೆ ಬಡಿಸುವಾಗ ಎರಡು ದಿನ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದಳು.

ಗೇಣಿಗೆ ಹೆಚ್ಚಿನ ಗೆರೆ, ಅದೂ ಕೂಡುವ ಜಾಗದ ಹತ್ತಿರ. "ಕೆಳಗ ಬಿದ್ದ ಪೇಪರ ಸೈತ ಬಗ್ಗಿ ತಗೋಬ್ಯಾಡಂದಾರ್ರಿ" ಎಂದರು ರಾಯರು, ಉಶ್ಶೆಂದು ಎತ್ತರದ ಕುರ್ಚಿಯಲ್ಲಿ ಕೂಡುತ್ತ. ಇಷ್ಟಾದ ಮೇಲೆ ತೀರ್ಪು ಕೊಡಲು ನನಗೇನು ಕಷ್ಟ? ಹೊಲಿಗೆ ಹಿಂದಿದ್ದರೆ ಅದರ ಮೇಲೆ ಕೂಡಬೇಕಾಗುತ್ತದೆ. ಮುಂದಿದ್ದರೆ ಕೂಡಲು ಹಿಂಭಾಗ ಪೂರಾ ಖಾಲಿ. ಆದ್ದರಿಂದ ಮುಂದಿನದೇ ಸರಿ. ಇಷ್ಟು ಸರಳವಾದುದು ಡಾಕ್ಟರರಿಗೆ ಏಕೆ ಹೊಳೆದಿಲ್ಲವೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಶ್ಚರ್ಯಪಟ್ಟೆ.

ಆ ದಿನಗಳಲ್ಲಿ ನನಗೆ ಯಾರನ್ನು ನೋಡಿದರೂ ಅವರು ಹೇಗೆ ಕೂತಿದ್ದಾರೆ ಎಂಬುದೇ ಕಾಣುತ್ತಿತ್ತು. ದೇವರ ಮನೆಯಲ್ಲೂ ಅದೇ. ಗಣಪತಿ ಒಂದು ಕಾಲು ಮಡಿಸಿದ್ದಾನೆ, ಲಕ್ಷ್ಮಿಯದು ಕಮಲದ ಮೇಲೆ ಪದ್ಮಾಸನ, ಶಿವನದಂತೂ ಹಿಮದ ಮೇಲೆ. ಚಪ್ಪೆ ಬದಲಿಸಿಕೊಂಡವರಿಗೆ ಹೇಳಿದ ಪಥ್ಯವನ್ನು ಪಾಲಿಸುತ್ತಿರುವವನು ಪಂಢರಾಪುರದ ವಿಠ್ಠಲನೊಬ್ಬನೇ. ಇಟ್ಟಿಗೆಯ ಮೇಲೆ ನೆಟ್ಟಗೆ ನಿಂತಿದ್ದಾನೆ, ಎರಡೂ ಕೈ ಸರಿಯಾಗಿ ನೋಯುವ ಜಾಗದ ಮೇಲಿವೆ. ನಾನು ಅವನಿಗೆ ಮೊದಲಿಗಿಂತ ಹೆಚ್ಚು ಭಕ್ತಿಯಿಂದ ಕೈಮುಗಿಯತೊಡಗಿದೆ.

ಡಾಕ್ಟರಬಾಯಿ ನನ್ನ ಸಂಶೋಧನೆಯನ್ನು ಪೂರ್ತಿ ಕೇಳಿದರು, ನಕ್ಕರು. "ಮಾಸ್ತರ, ನೀವು ನೋಡಿ ಬಂದದ್ದು ಬಾಗಲಾ. ಮನಿ ಒಳಗದ" ಎಂದರು. ಆಮೇಲೆ ಸಮಾಧಾನವಾಗಿ ತಿಳಿಸಿದರು. ಮುಂದಿನಿಂದ ಹೋದರೆ ಸ್ನಾಯುಗಳನ್ನು ಸರಿಸಿ ಹೋಗಬಹುದು, ಮೊದಲ ಕೆಲವು ವಾರ ಆರಾಮು ಹೆಚ್ಚು. ಆದರೆ ಒಳಗೆ ಇಕ್ಕಟ್ಟು, ಮುದುಕರ ಎಲುಬು ಟೊಳ್ಳಾಗಿದ್ದರೆ ಬಿರುಕು ಬಿಡುವ ಭಯ. ಅದಕ್ಕೆ ಅದನ್ನೇ ದಿನಾ ಮಾಡುವ ಕೈ ಬೇಕು. ಪಕ್ಕದಿಂದ ಹೋದರೆ ಸೊಂಟವನ್ನು ಸಮ ಹಿಡಿಯುವ ಸ್ನಾಯುವನ್ನು ಬಿಡಿಸಬೇಕಾಗುತ್ತದೆ, ಕೆಲವರು ಓಲುತ್ತಾರೆ. ಹಿಂದಿನಿಂದ ಹೋದರೆ ಒಳಗೆಲ್ಲ ಚೆನ್ನಾಗಿ ಕಾಣುತ್ತದೆ. ಆದರೆ ಹಿಂದಿನ ಸಣ್ಣ ಸ್ನಾಯುಗಳನ್ನು ಬಿಡಿಸಿ ಮತ್ತೆ ಹೊಲಿಯುವುದರಿಂದ, ಅವು ಗಟ್ಟಿಯಾಗುವವರೆಗೆ ತಗ್ಗಿನಲ್ಲಿ ಕೂತರೆ, ಕಾಲ ಮೇಲೆ ಕಾಲು ಹಾಕಿದರೆ ಗುಂಡು ಜಾರಬಹುದು. ಕೆಲವು ತಿಂಗಳು ಕಳೆದ ಮೇಲೆ ಮೂವರನ್ನೂ ಸಾಲಾಗಿ ನಡೆಸಿದರೆ, ಯಾರಿಗೆ ಎಲ್ಲಿಂದ ಮಾಡಿದ್ದು ಎಂದು ಹೇಳುವುದು ಹೆಚ್ಚಿನ ಸಲ ತಮಗೂ ಕಷ್ಟ ಎಂದರು. "ನನ್ನ ಕೈಗೆ ರೂಢಿ ಇರೂದು ಹಿಂದಿನದು. ನಿಮಗ ಮುಂದಿನದ ಬೇಕಂದ್ರ ಅದನ್ನ ಮಾಡವರ ಕಡೆ ಕಳಸ್ತೀನಿ, ನನಗೇನು ಸಿಟ್ಟಿಲ್ಲ."

ನಾನು ಕೇಳಲು ಬಂದದ್ದನ್ನು ಆಗ ಕೇಳಿದೆ. "ನೆಲದ ಮ್ಯಾಲೆ ಕೂಡಬಹುದೇನ್ರಿ?"

"ಈಗಂತೂ ಹೆಸರ ತಗೀಬ್ಯಾಡ್ರಿ. ಮುಂದ ಗಟ್ಟಿ ಆದ ಮ್ಯಾಲೂ, ನಿಮ್ಮ ವಯಸ್ಸಿಗೆ ನಾ ಹೂಂ ಅನ್ನಂಗಿಲ್ಲ."

"ಮುಂದಿಂದ ಮಾಡಿಸಿದ್ರ?"

"ಕಟ್ಟುಪಾಡು ಸ್ವಲ್ಪ ಕಮ್ಮಿ, ಖರೆ. ಆದ್ರ ನೆಲಕ್ಕ ಕೂತು ಎದ್ದು ಮಾಡೂದು ಅವರಿಗೂ ಬ್ಯಾಡಂತೀನಿ. ಎದ್ದಾಗ ಬಿದ್ರ ಏನ್ ಮಾಡ್ತೀರಿ?"

ಮೂರು ಊರು ತಿರುಗಿ, ಬೀಗರ ಮಾನ ಕಳೆದು ನಾನು ಕಂಡುಕೊಂಡದ್ದು ಇಷ್ಟು: ಮೂರು ದಾರಿಗಳೂ ಕುರ್ಚಿಗೇ ಹೋಗುತ್ತವೆ. ಮಾಡಿಸಿಕೊಳ್ಳದೆ ಇದ್ದರೆ ನಡೆಯುವುದೇ ನಿಲ್ಲುತ್ತದೆ. ಡಾಕ್ಟರಬಾಯಿಯ ಕೈಗೆ ರೂಢಿಯಾದದ್ದನ್ನೇ ಮಾಡಿಸಿಕೊಂಡೆ. ಎಲ್ಲವೂ ಸುಸೂತ್ರವಾಯಿತು. ನೋವು ಹೋಯಿತು, ವಾಕರ್ ಹಿಡಿದೆ, ಬಿಟ್ಟೆ. ಆದರೆ ಆ ತಿಂಗಳುಗಳ ದ್ವಾದಶಿಗಳೆಲ್ಲ ತಪ್ಪಿದವು. ಅಕ್ಕನ ಸೊಸೆ ಒಮ್ಮೆ ಫೋನಿನಲ್ಲಿ, "ಮಾಮಾ, ಅತ್ತಿ ಪಾರಣಿಗೆ ಒಂದ ಲೋಟ ಹಾಲ ಕುಡದು ಸಾಕಂತಾರ. ನೀವು ಬಂದ ಮ್ಯಾಲೆ ಉಣತೀನಿ ಅಂತಾರ" ಎಂದಳು. ಇನ್ನು ಮೇಲೆ ನನಗೆ ನೆಲಕ್ಕೆ ಕೂಡಲು ಆಗುವುದಿಲ್ಲ ಎಂಬುದನ್ನು ಅವಳ ಕೈಲೇ ಹೇಳಿ ಕಳಿಸಿದೆ. ನನ್ನ ಬಾಯಿಂದ ಅಕ್ಕನಿಗೆ ಹೇಳಲು ಧೈರ್ಯವಾಗಲಿಲ್ಲ. ಫೋನು ಇಟ್ಟ ಮೇಲೆ ಸಣ್ಣ ಹುಡುಗರ ಹಾಗೆ ಅತ್ತೆ.

ಡಾಕ್ಟರಬಾಯಿ ಪ್ರಯಾಣಕ್ಕೆ ಒಪ್ಪಿದ ನಂತರದ ಮೊದಲ ದ್ವಾದಶಿಗೆ ಅಕ್ಕನ ಮಗ ಕಾರು ತಂದು ಕರೆದೊಯ್ದ. ಅವಳು ನೆಲದ ಮೇಲೆ ಉಣ್ಣಲಿ, ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಾತಾಡುತ್ತ ಕೂಡುತ್ತೇನೆ ಎಂದುಕೊಂಡಿದ್ದೆ. ಅದು ಪಂಕ್ತಿಯಾಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಮೇಜನ್ನು ತೊಳೆದಿದ್ದರು. ಎರಡು ಎಲೆಗಳ ಸುತ್ತ ರಂಗೋಲಿಯ ಎಳೆ ಇತ್ತು. ಒಂದು ಕುರ್ಚಿಯ ಮೇಲೆ ನನಗಾಗಿ ದಪ್ಪ ಕೌದಿ ಮಡಿಸಿ ಹಾಕಿತ್ತು. ಇನ್ನೊಂದರ ಮೇಲೆ ಮಡಿಸೀರೆಯುಟ್ಟ ಅಕ್ಕ, ಕಾಲು ನೆಲಕ್ಕೆ ಮುಟ್ಟದೆ, ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು, ಮೊದಲ ಸಲ ಜೋಕಾಲಿ ಏರಿದವಳ ಹಾಗೆ ಕೂತಿದ್ದಳು.

"ಅಕ್ಕಾ, ನಿನ್ನ ಮಡಿ?"

"ಮಡಿ ನಾ ನೋಡಕೋತೀನಿ, ನೀ ನಿನ್ನ ಚಪ್ಪಿ ನೋಡಕೋ. ಕೂಡು."

"ನೆಲಾ ಬಿಟ್ಟು ಎಂದೂ ಉಂಡಾಕಿ ಅಲ್ಲ ನೀ."

"ಇಷ್ಟು ದಿನಾ ನಾ ಏನ್ ನೆಲದ ಸಂಗತೀಲೆ ಉಣತಿದ್ನೇನೋ ಶೀನ್ಯಾ? ನಿನ್ನ ಸಂಗತೀಲೆ ಉಣತಿದ್ದೆ. ಎತ್ತು ತುತ್ತು, ತೊವ್ವಿ ಆರತದ."

ನಾನು ಕೌದಿಯ ಮೇಲೆ ಮೆಲ್ಲಗೆ ಕೂತು ಮೊದಲನೆಯ ತುತ್ತು ಎತ್ತಿದೆ. ಅಷ್ಟರಲ್ಲಿ ಅವಳು ಸೊಸೆಯನ್ನು ಕರೆದು ಎರಡನೆಯ ಸಲ ಪಲ್ಯ ಹಾಕಿಸಿಕೊಳ್ಳುತ್ತಿದ್ದಳು.