ಕಂಪ್ಯಾನಿಯನ್ ಮತ್ತು ಕಿಮ್ಚಿ

ನನಗೆ ಇಂಗ್ಲಿಷ್ ಪಾಠ ಹೇಳುವ ಯೋಗ್ಯತೆ ಇದೆಯೆಂದು ನಂಬಿರುವವಳು ಜಗತ್ತಿನಲ್ಲಿ ಒಬ್ಬಳೇ: ದೇಶ ಬಿಟ್ಟು ಬಂದು ನಾವು ನೆಲೆಸಿರುವ ಪುಂಗೋಲ್‌ನಲ್ಲಿ ನಮ್ಮ ಎದುರು ಮನೆಯ ಕೊರಿಯನ್ ಗೃಹಿಣಿ ಮಿನ್‌ಜಿ. ಪ್ರತಿ ಶನಿವಾರ ನಮ್ಮ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗ, ಅಂದರೆ ವಾಯ್ಡ್ ಡೆಕ್‌ನ ಕಲ್ಲುಮೇಜಿನಲ್ಲಿ ನಮ್ಮ ಪಾಠ. ಗುರುದಕ್ಷಿಣೆ, ಒಂದು ಡಬ್ಬಿ ಕಿಮ್ಚಿ, ಕೊರಿಯನ್ನರ ಹುಳಿಖಾರದ ಎಲೆಕೋಸಿನ ಉಪ್ಪಿನಕಾಯಿ.

ತೊಡಕಿದ್ದದ್ದು ಅಲ್ಲೇ. ಅವಳ ಕಿಮ್ಚಿಗೆ ಮೀನಿನ ಸಾಸ್ ಬೀಳುತ್ತದೆ. ನಾನೋ ಅಪ್ಪಟ ಸಸ್ಯಾಹಾರಿ. ಮೊದಲ ದಿನವೇ ಹೇಳಬೇಕಿತ್ತು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎಂಬಂತಾಯಿತು. ಕಿಮ್ಚಿಯನ್ನು ಆಂಗ್ ಮೋ ಕಿಯೋದಲ್ಲಿರುವ ನನ್ನ ಆಫೀಸಿಗೆ ಒಯ್ದು ಸಹೋದ್ಯೋಗಿಗೆ ಕೊಡುತ್ತಿದ್ದೆ. ಆದರೆ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂದು ಅಮ್ಮ ಕಲಿಸಿದ್ದಾಳಲ್ಲ? ಕೋಡುಬಳೆ ತುಂಬಿ ಕೊಟ್ಟೆ. ಕಿಮ್ಚಿ ನನಗೆ ಬಲು ಹಿಡಿಸಿತೆಂದುಕೊಂಡು ಅವಳು ಇನ್ನೂ ದೊಡ್ಡ ಡಬ್ಬಿ ತಂದಳು. ನಾನು ಇನ್ನಷ್ಟು ಕೋಡುಬಳೆ ಕರಿದೆ. ಹೀಗೇ ಆರು ತಿಂಗಳು ಕಳೆಯಿತು.

"ಅಮ್ಮಾ, ಆಂಟಿಗೆ ನಿಜ ಹೇಳ್ಬಿಡು ಲಾ," ಎಂದಳು ಇಲ್ಲಿನವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸುವ ಮಗಳು.

"ಹರ್ಟ್ ಆಗ್ತಾರೆ ಕಣೆ. ಇಲ್ಲಿ ಅವ್ರಿಗೆ ನನ್ನ ಬಿಟ್ರೆ ಯಾರಿದಾರೆ?"

ಹಾಗೆಂದೆನೇ ಹೊರತು, ಅವಳನ್ನು ಬಿಟ್ಟರೆ ನನಗೂ ಇಲ್ಲಿ ಯಾರಿದ್ದಾರೆ? ಭಯ ನನ್ನದೇ ಆಗಿತ್ತು.

ಮೊನ್ನೆ ಅವಳ ಹೊಸ ಪದಗಳ ಪಟ್ಟಿಯಲ್ಲಿ 'ಕಂಪ್ಯಾನಿಯನ್' ಬಂತು. ಸಂಗಾತಿ, ಜೊತೆಗಾರ ಎಂದು ಮುಗಿಸಬಹುದಿತ್ತು. ವಿದ್ಯೆ ಸುಮ್ಮನಿರಗೊಡುತ್ತದೆಯೇ? ಲಿಫ್ಟಿನಲ್ಲಿ ಇಳಿಯುವಾಗ ಫೋನಿನಲ್ಲಿ ಓದಿದ್ದನ್ನೇ ಮಹಾ ಪಂಡಿತಳಂತೆ ಬಿಡಿಸಿದೆ. ಲ್ಯಾಟಿನ್‌ನಲ್ಲಿ 'ಕಾಮ್' ಎಂದರೆ ಜೊತೆ, 'ಪಾನಿಸ್' ಎಂದರೆ ಬ್ರೆಡ್ಡು. ಜೊತೆಯಲ್ಲಿ ಕೂತು ತಿನ್ನುವವರೇ ಕಂಪ್ಯಾನಿಯನ್. ಮಿನ್‌ಜಿಯ ಕಣ್ಣರಳಿತು. ಕೊರಿಯನ್‌ನಲ್ಲಿ ಮನೆಮಂದಿಯನ್ನು 'ಶಿಕ್ಕು' ಎನ್ನುತ್ತಾರಂತೆ, ಉಣ್ಣುವ ಬಾಯಿಗಳು ಎಂದರ್ಥವಂತೆ. ಆಮೇಲೆ ಪೆನ್ನು ಕೆಳಗಿಟ್ಟಳು.

"ಟೀಚರ್, ವಿ ನೆವರ್ ಈಟ್ ಟುಗೆದರ್. ಸೋ... ನಾಟ್ ಕಂಪ್ಯಾನಿಯನ್?"

ನನ್ನ ಮುಖ ಹುಳ್ಳಗಾಯಿತು. ಮೀನು, ಆಫೀಸು, ಸಹೋದ್ಯೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಪಟ್ಟಿಯನ್ನು ಮಡಚಿಟ್ಟಳು. ಗೆಳೆತನ ಮುಗಿಯಿತೆಂದುಕೊಂಡೆ.

ಕೊನೆಗೆ ಸಣ್ಣ ದನಿಯಲ್ಲಿ, "ಯುವರ್ ಕೋಡುಬಾಲೆ... ಸ್ಮೆಲ್ ಟೂ ಸ್ಟ್ರಾಂಗ್. ಮೈ ಹಸ್ಬೆಂಡ್ ಆಫೀಸ್ ಪೀಪಲ್ ಈಟ್," ಎಂದಳು. ನಾನು ಧಾರಾಳವಾಗಿ ಹಾಕುತ್ತಿದ್ದ ಇಂಗು ಅವಳಿಗೆ ಆಗಿಬರುತ್ತಿರಲಿಲ್ಲ.

ಪಕ್ಕದ ಮೇಜಿನ ಅಂಕಲ್ ಚದುರಂಗದಿಂದ ತಲೆಯೆತ್ತಿ ನೋಡುವಷ್ಟು ಜೋರಾಗಿ ನಕ್ಕೆವು. ನೇರ ನಮ್ಮ ಮನೆಗೆ ಹೋಗಿ, ಒಗ್ಗರಣೆಯೂ ಇಲ್ಲದ ಬರೀ ಮೊಸರನ್ನ ಕಲಸಿ ಎದುರುಬದುರು ಕೂತೆವು.

ಎರಡು ತುತ್ತು ತಿಂದು ಅವಳೆಂದಳು, "ಟೀಚರ್, ಸಾಲ್ಟ್ ನಾಟ್ ಇನಫ್."

ಆರು ತಿಂಗಳಲ್ಲಿ ಅವಳು ನನ್ನ ಮುಖಕ್ಕೇ ಹೇಳಿದ ಎರಡನೆಯ ದೂರು ಅದು, ಎರಡೂ ಒಂದೇ ದಿನ. ಎಷ್ಟು ಸಂತೋಷವಾಯಿತೆಂದರೆ, ಉಪ್ಪು ತರುವುದನ್ನೂ ಮರೆತು ಕೂತುಬಿಟ್ಟೆ.