ಹಾಜರಿಯಲ್ಲಿ ವರ್ನಾಳ ಹೆಸರು

ಹಾಲ್ವರ್ ರಡ್ ಕರುಣೆಯಿಲ್ಲದ ಮನುಷ್ಯ. ಕೋಲ್ಡ್‌ವಾಟರ್ ಕಣಿವೆಯಲ್ಲಿ ಈ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ, ಅವನೂ ಆಡುತ್ತಿರಲಿಲ್ಲ. ರೈಲ್ವೆಯ ರೇಡಿಯೋಗಳನ್ನು ರಿಪೇರಿ ಮಾಡಿ ನಿವೃತ್ತನಾದ ಮೇಲೆ, ಹವ್ಯಾಸಿ ರೇಡಿಯೋ ಸಂಘದ ಭಾನುವಾರದ ಹಾಜರಿಯನ್ನು ಅವನೇ ಕೂಗುತ್ತಿದ್ದ. ಸಂಜೆ ಒಬ್ಬೊಬ್ಬರ ಹೆಸರನ್ನೂ ಕರೆಯುವನು, ಅವರವರ ಮನೆಯಿಂದ ‘ಇದ್ದೇನೆ’ ಎಂಬ ಉತ್ತರ ಬರುವುದು. ರೇಡಿಯೋದ ಗಾಳಿಯಲ್ಲಿ ಕೊಳಕು ಮಾತಾಡಿದವರನ್ನೂ ಪರವಾನಗಿಯಿಲ್ಲದೆ ಕದ್ದು ಮಾತಾಡಿದವರನ್ನೂ ಹಾಲ್ವರ್ ಸರ್ಕಾರಕ್ಕೆ ಹಿಡಿದುಕೊಡುತ್ತಿದ್ದ. ಹಾಗೆ ಪರವಾನಗಿ ಕಳೆದುಕೊಂಡವನ ಹೆಸರು ಮತ್ತೆ ಅವನ ಬಾಯಲ್ಲಿ ಬರುತ್ತಿರಲಿಲ್ಲ. ಜೊತೆಗೆ ಮೀನು ಹಿಡಿಯುತ್ತಿದ್ದ ಗೆಳೆಯನೊಬ್ಬ ಹೀಗೆ ಹೊರಬಿದ್ದ; ಅವನು ಸತ್ತ ವಾರವೂ ಹಾಲ್ವರ್ ಅವನ ಹೆಸರೆತ್ತಲಿಲ್ಲ.

ಆ ಬೇಸಿಗೆಯಲ್ಲಿ ಅಗ್ನಿಶಾಮಕ ಸ್ವಯಂಸೇವಕರ ರೇಡಿಯೋವನ್ನು ಯಾರೋ ಅಮುಕತೊಡಗಿದರು. ತಂಡದವರ ಕೈಯಲ್ಲಿರುವ ಪುಟ್ಟ ರೇಡಿಯೋಗಳ ದನಿಯನ್ನು ಬೆಟ್ಟದ ಮೇಲಿನ ಗೋಪುರ ಹಿಡಿದು ಕಣಿವೆಯಿಡೀ ಹರಡುತ್ತಿತ್ತು. ಬೆಂಕಿಯ ಕರೆ ಬಂದಾಗಲೆಲ್ಲ ಯಾರೋ ಮಾತಿಲ್ಲದೆ ಗುಂಡಿ ಒತ್ತಿ ಹಿಡಿಯುವರು. ಗೋಪುರ ಆ ಮೌನವನ್ನೇ ಹರಡುವುದು, ಉಳಿದ ದನಿಗಳೆಲ್ಲ ಅದರಡಿ ಮುಳುಗುವವು.

ಅಂಥ ಹೊತ್ತಿನಲ್ಲೆಲ್ಲ ತಂಡವನ್ನು ಕಾಪಾಡಿದವಳು ವರ್ನಾ, ಹಾಲ್ವರನ ಅಕ್ಕ. ಭಾನುವಾರದ ಹಾಜರಿಯಲ್ಲಿ ಅವಳೂ ‘ಇದ್ದೇನೆ’ ಎನ್ನುತ್ತಿದ್ದಳು. ಬೆಂಕಿಯ ಕರೆಗಳನ್ನು ತಂಡಕ್ಕೆ ಮುಟ್ಟಿಸುವ ಕೆಲಸದಲ್ಲೇ ಅವಳ ಆಯುಸ್ಸು ಕಳೆದಿತ್ತು. ಹಿಂದಿನ ವರ್ಷ ಆ ಕೆಲಸವನ್ನು ದೂರದ ಪಟ್ಟಣದ ಕಚೇರಿಗೆ ಸಾಗಿಸಿ ಅವಳನ್ನು ಮನೆಗೆ ಕಳಿಸಿದ್ದರು. ಆದರೂ ಅವಳ ಕಿವಿ ರೇಡಿಯೋದಲ್ಲೇ ಇತ್ತು; ಕರೆಯ ಮೊದಲ ಮಾತಿನಲ್ಲೇ ಬೆಂಕಿಯ ಜಾಗ ಹಿಡಿದುಬಿಡುತ್ತಿದ್ದಳು. ರೇಡಿಯೋದ ದಾರಿ ಹೀಗೆ ಅಮುಕಿಹೋದಾಗ ತಂಡದ ಮುಖ್ಯಸ್ಥೆ ಜೋಸಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸುತ್ತಿದ್ದಳು. ಕಚೇರಿ ಹೋದರೂ ವರ್ನಾ ಆಂಟಿ ಇದ್ದಾರಲ್ಲ ಎಂದು ಜನ ಹಕಲ್‌ಬೆರಿ ಹಣ್ಣಿನ ಸಿಹಿ ಪೈ ಮಾಡಿ ಅವಳ ಮನೆಗೆ ಕೊಟ್ಟುಬರುತ್ತಿದ್ದರು.

ಆಗಸ್ಟಿನಲ್ಲಿ ತಂಡ ಫೋನ್ ಸಿಗದ ಇಳಿಜಾರೊಂದರಲ್ಲಿತ್ತು. ಗಾಳಿ ತಿರುಗಿತು. ಹಿಂದೆ ಬನ್ನಿ ಎಂದು ಜೋಸಿ ಕೆಳಗಿನಿಂದ ರೇಡಿಯೋದಲ್ಲಿ ಕೂಗಿದ್ದು, ದಾರಿ ಅಮುಕಿಹೋಗಿದ್ದರಿಂದ, ಯಾರಿಗೂ ಕೇಳಿಸಲಿಲ್ಲ. ರಸ್ ಎಂಬ ಸ್ವಯಂಸೇವಕನ ಎರಡೂ ಕೈಗಳು ಸುಟ್ಟವು. ಬೆಂಕಿಯ ಕಾಲ ಇನ್ನೂ ಮುಗಿದಿರಲಿಲ್ಲ. ಅಮುಕುವವರು ಸಿಗುವವರೆಗೆ ಯಾರನ್ನು ಮೇಲೆ ಕಳಿಸಿದರೂ ಸಾಯಲು ಕಳಿಸಿದಂತೆ ಎಂದು ಜೋಸಿಗೆ ಗೊತ್ತಿತ್ತು. ದಿಕ್ಕು ತೋರುವ ಆಂಟೆನಾ ಹಿಡಿದು ಅವಳೇ ಅಲೆದಳು. ಅದು ಪ್ರತಿ ಸಲವೂ ಬೆಟ್ಟದ ಗೋಪುರವನ್ನೇ ತೋರಿಸಿತು. ಕೊನೆಗೆ ಹಾಲ್ವರನ ಬಾಗಿಲಿಗೆ ಹೋದಳು.

‘ಬೆಟ್ಟ ಆಡೋದನ್ನ ಹುಡುಕಿದ್ರೆ ಬೆಟ್ಟಾನೇ ಸಿಗತ್ತೆ,’ ಎಂದ ಹಾಲ್ವರ್. ‘ಅದರ ಕಿವಿಗೆ ಯಾರು ಊದ್ತಿದಾರೆ ಅದನ್ನ ಹುಡುಕು.’

‘ಮೊದಲೇ ಹೇಳಬಾರದಿತ್ತಾ?’

‘ನೀನು ಕೇಳಿದ್ಯಾ?’

ದನಿಗಳು ಬೆಟ್ಟಕ್ಕೆ ಏರುವ ತರಂಗಕ್ಕೆ ಅವನು ತನ್ನ ಯಂತ್ರವನ್ನು ಹೊಂದಿಸಿ ಕೂತ. ಮಧ್ಯಾಹ್ನ ಕರೆಯೊಂದು ಶುರುವಾಗುತ್ತಿದ್ದಂತೆ ದಾರಿ ಅಮುಕಿಹೋಯಿತು. ಅದು ಅವನ ಯಂತ್ರದಲ್ಲಿ ಅಚ್ಚಾಯಿತು. ಗುಂಡಿ ಒತ್ತಿದ ಕ್ಷಣ ಪ್ರತಿ ರೇಡಿಯೋವೂ ನೆಲೆಗೊಳ್ಳುವ ಮುನ್ನ ತುಸು ತಡವರಿಸುತ್ತದೆ, ಒಂದರ ತಡವರಿಕೆ ಇನ್ನೊಂದಕ್ಕಿರುವುದಿಲ್ಲ ಎಂದು ಅವನು ಜೋಸಿಗೆ ಹೇಳಿದ. ವರ್ಷಗಳ ಹಾಜರಿಯೆಲ್ಲ ಅವನಲ್ಲಿ ದಾಖಲಾಗಿತ್ತು. ಪರದೆಯ ಮೇಲೆ ಇಂದಿನ ತಡವರಿಕೆಯ ಗೆರೆಯನ್ನು ಹಳೆಯ ಒಂದೊಂದರ ಮೇಲೂ ಇಟ್ಟು ನೋಡುತ್ತ ಹೋದವನು ಒಂದು ಕಡೆ ನಿಂತುಬಿಟ್ಟ. ಆಮೇಲೆ ಎದ್ದು ಟೋಪಿ ಹಾಕಿಕೊಂಡ.

‘ಗಾಡಿ ತೆಗಿ.’

ಯಾರೆಂದು ಅವನು ಹೇಳಲಿಲ್ಲ. ಅಷ್ಟರಲ್ಲಿ ದಾರಿ ಮತ್ತೆ ಅಮುಕಿಹೋಗಿತ್ತು; ಬೆಟ್ಟಕ್ಕೆ ಏರುವ ತರಂಗಕ್ಕೆ ಹೊಂದಿಸಿದ ಆಂಟೆನಾದ ಮುಳ್ಳು ತಿರುವು ತಿರುವಿಗೂ ಏರುತ್ತಿತ್ತು. ತಾನು ಚಿಕ್ಕಂದಿನಿಂದ ಬಲ್ಲ ಮನೆಯ ಮುಂದೆ ಅದು ತುತ್ತತುದಿಗೆ ಹೋಗಿ ನಿಂತಾಗ, ಯಂತ್ರ ಕೆಟ್ಟಿದೆಯೆಂದು ಜೋಸಿ ಅಂದುಕೊಂಡಳು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು.

‘ಜೋಸಿ, ರೇಡಿಯೋ ಮತ್ತೆ ಸತ್ತಿದೆ ಕಣಮ್ಮ. ಹಳ್ಳದ ಪಕ್ಕ ಹುಲ್ಲಿಗೆ ಬೆಂಕಿ ಬಿದ್ದಿದೆಯಂತೆ. ಹುಡುಗರನ್ನ ಕಳಿಸು.’

ಅಡುಗೆಮನೆಯ ಕಿಟಕಿಯಲ್ಲಿ ವರ್ನಾ ಕಾಣುತ್ತಿದ್ದಳು. ಒಂದು ಕೈಯಲ್ಲಿ ಫೋನ್. ಇನ್ನೊಂದು ಕೈಯಲ್ಲಿ ರೇಡಿಯೋದ ಮೈಕು, ಹೆಬ್ಬೆರಳು ಗುಂಡಿಯ ಮೇಲೆ.

ಕಳಿಸುತ್ತೇನೆ ಎಂದಳು ಜೋಸಿ. ತಂಡಕ್ಕೆ ಫೋನ್ ಮಾಡಿ ಬೆಂಕಿಯ ಜಾಗ ಹೇಳುವಷ್ಟರಲ್ಲಿ ಹಾಲ್ವರ್ ಬಾಗಿಲು ತಟ್ಟದೆ ಒಳಹೋಗಿ ರೇಡಿಯೋದ ವೈರು ಕಿತ್ತಿದ್ದ.

ವರ್ನಾ ತಮ್ಮನನ್ನು ಬಿಟ್ಟು ಜೋಸಿಯನ್ನೇ ನೋಡಿದಳು. ‘ನಿಮಗೆಲ್ಲ ನಾನು ಬೇಕಾಗಿದ್ದೆ. ಫೋನ್ ಮಾಡ್ತಾನೇ ಇದ್ನಲ್ಲ. ಆ ಇಳಿಜಾರಲ್ಲಿ ಫೋನ್ ಸಿಗಲ್ಲ ಅಂತ ನಂಗೆ ಯಾರು ಹೇಳಿದ್ರು?’

ಎಷ್ಟೋ ಬೆಂಕಿಗಳಿಗೆ ಜೋಸಿ ಈ ದನಿಯನ್ನು ನಂಬಿಯೇ ಹೋಗಿದ್ದಳು.

‘ಲೋ ಹಾಲ್ವರ್, ನಾನು ನಿನ್ನ ಅಕ್ಕ ಕಣೋ.’

‘ಗೊತ್ತು,’ ಎಂದ ಹಾಲ್ವರ್. ಅವಳ ಊಟದ ಮೇಜಿನ ಮೇಲೆಯೇ ಕೂತು ದೂರು ಬರೆದ. ಮಾತಾಡುವ ರೇಡಿಯೋವನ್ನು ಕಂಕುಳಿಗೆ ಸೇರಿಸಿದ. ಕಪಾಟಿನ ಮೇಲಿದ್ದ, ಬರೀ ಕೇಳಲಿಕ್ಕೆ ಬರುವ ಹಳೆಯ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಕೇಳುವುದಕ್ಕೆ ಪರವಾನಗಿ ಬೇಕಿಲ್ಲ.

ಸ್ವಂತ ಅಕ್ಕನನ್ನೂ ಬಿಡಲಿಲ್ಲ ನೋಡಿ ಎಂದು ಕಣಿವೆಯ ಜನ ಆಡಿಕೊಂಡರು. ಅವಳು ಮಾಡಿದ್ದಕ್ಕಿಂತ ಇವನು ಮಾಡಿದ್ದೇ ಕೆಲವರಿಗೆ ಹೆಚ್ಚಾಗಿ ಕಂಡಿತು.

ವರ್ನಾಳ ಪರವಾನಗಿ ರದ್ದಾದ ಮೇಲಿನ ಭಾನುವಾರ ಜೋಸಿ ಅಗ್ನಿಶಾಮಕ ಠಾಣೆಯಲ್ಲಿ ಕೂತು ಹಾಜರಿ ಕೇಳುತ್ತಿದ್ದಳು. ಪಕ್ಕದಲ್ಲಿ ಕೈಗಳಿಗೆ ಬಟ್ಟೆ ಸುತ್ತಿಕೊಂಡ ರಸ್ ಇದ್ದ. ಹೆಸರುಗಳು ಒಂದೊಂದಾಗಿ ಬಂದವು, ಉತ್ತರಗಳೂ ಬಂದವು. ವರ್ನಾಳ ಸರದಿ ಇದ್ದ ಜಾಗ ಬಂತು. ಹಾಲ್ವರ್ ಅದನ್ನು ದಾಟಿ ಹೋಗುವನೆಂದು ಜೋಸಿಗೆ ಅನುಮಾನವೇ ಇರಲಿಲ್ಲ.

‘ವರ್ನಾ ರಡ್,’ ಎಂದಿತು ರೇಡಿಯೋ.

ರಸ್ ತಟ್ಟನೆ ತಲೆಯೆತ್ತಿದ. ಉತ್ತರ ಕೊಡಲು ವರ್ನಾಳ ಬಳಿ ಯಂತ್ರವಿರಲಿಲ್ಲ, ಹಕ್ಕೂ ಇರಲಿಲ್ಲ; ಕೇಳುವ ಹಳೆಯ ಪೆಟ್ಟಿಗೆಯೊಂದೇ ಇತ್ತು. ಅದನ್ನು ಹಾಲ್ವರನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹಿತ್ತಲಲ್ಲಿದ್ದವರು ಒಳಗೆ ನಡೆದು ಬಂದು ಗುಂಡಿ ಒತ್ತಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನು ಗಾಳಿಯನ್ನು ಖಾಲಿ ಬಿಟ್ಟ. ಆಮೇಲೆ ಮುಂದಿನ ಹೆಸರು ಕೂಗಿದ.