ಇಳತದಲ್ಲಿ ಕೂತ ದೋಣಿ

ಪಾತಿ ದೋಣಿಯಲ್ಲಿ ಇದ್ದವರು ಮೂವರು. ಮುಂದಿನ ತುದಿಗೆ ಅಣ್ಣ, ಹಿಂದಿನ ತುದಿಗೆ ಭಾವ, ನಡುವೆ ನಾನು. ಅಣ್ಣ ಮುಖ ಹಾಕಿದ್ದು ಸಮುದ್ರದ ಕಡೆ, ಭಾವ ಮುಖ ಹಾಕಿದ್ದು ಘಟ್ಟದ ಕಡೆ. ಇಬ್ಬರ ಬೆನ್ನುಗಳ ನಡುವೆ ಗಾಳಕ್ಕೆ ಚುಚ್ಚಲು ತಂದ ಶೆಟ್ಲಿಯ, ಅಂದರೆ ಸಿಗಡಿಯ, ಡಬ್ಬಿ, ನೀರಿನ ಬಾಟಲಿ, ಅತ್ತಿಗೆ ಕಟ್ಟಿಕೊಟ್ಟ ಅವಲಕ್ಕಿಯ ಗಂಟು. ಅವುಗಳ ಜೊತೆಗೆ ನಾನೂ ಒಂದು ಸಾಮಾನು.

ನಮ್ಮ ಕಡೆ ಚಳಿಗಾಲದ ಬೆಳಗು ಒಂದು ನಮೂನೆ ಬೇರೆ. ಮೈಗೆ ಸಣ್ಣ ಚಳಿ, ಹೊಳೆಗೆ ಕೈ ಅದ್ದಿದರೆ ಬೆಚ್ಚಗೆ. ಆ ದಿನಗಳಲ್ಲಿ ಅಘನಾಶಿನಿಯ ಅಳಿವೆಯೊಳಗೆ ನೊಗ್ಲಿ ಮೀನು ಗಾಳಕ್ಕೆ ಚೆನ್ನಾಗಿ ಬೀಳುತ್ತದೆ. ಊರಿನವರೆಲ್ಲ ಡಿಸೆಂಬರಿನ ರಜೆಗೆ ಊಟಿ, ಗೋವಾ ಎಂದು ಹೊರಟರೆ ನಮ್ಮ ಮನೆಯ ಗಂಡಸರು ಗಾಳ ಹಿಡಿದು ಹೊಳೆಗೆ ಹೊರಡುತ್ತಿದ್ದರು. ಅಣ್ಣ ಮತ್ತು ಭಾವ ಈ ವಿಷಯದಲ್ಲಿ ಒಂದೇ ಗಾಳಕ್ಕೆ ಬಿದ್ದ ಎರಡು ಮೀನು. ಅಕ್ಕನ ಮದುವೆಯಾದಾಗಿನಿಂದ ಒಂದು ಚಳಿಗಾಲವನ್ನೂ ಅವರು ತಪ್ಪಿಸಿದವರಲ್ಲ. ಅಕ್ಕ ಭಾವನ ಮೊದಲ ಮಗಳ ಮದುವೆಯವರೆಗೆ.

ಆ ಮದುವೆಯಲ್ಲಿ ಆದದ್ದು ಇಷ್ಟೇ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ, ಅದರಲ್ಲೂ ಹಿರಿಯವನು. ಅವನನ್ನು ಮನೆಗೆ ಹೋಗಿ, ತೆಂಗಿನಕಾಯಿ ವೀಳ್ಯ ಕೊಟ್ಟು, ಕುಂಕುಮ ಹಚ್ಚಿ ಕರೆಯಬೇಕು. ಆ ಸಲ ಭಾವ ಜ್ವರದಿಂದ ಮಲಗಿದ್ದರು. ಹೊನ್ನಾವರದ ಅವರ ಅಂಗಡಿಯ ಹುಡುಗರು ಕರೆಯೋಲೆಯ ಚಿತ್ರವನ್ನು ಎಲ್ಲರ ಫೋನಿಗೂ ಕಳಿಸಿದರು. ಅಣ್ಣನ ಫೋನಿಗೂ ಬಂತು. ಎದ್ದ ಮೇಲೆ ಕುಮಟೆಯ ನಮ್ಮ ಮನೆಗೆ ಹೋಗಿ ಕರೆದರಾಯಿತು ಎಂದು ಭಾವ ಅಂದುಕೊಂಡರು. ಎದ್ದದ್ದು ಮದುವೆಯ ಹಿಂದಿನ ದಿನ. ಅಣ್ಣ ಒಗೆದ ಪಂಚೆ ಉಟ್ಟು ಜಗಲಿಯಲ್ಲಿ ಕಾದ ದಿನಗಳನ್ನು ಅತ್ತಿಗೆ ಕಂಡಿದ್ದಾಳೆ. ಅವನು ಮದುವೆಗೆ ಹೋಗಲಿಲ್ಲ. ಭಟ್ಕಳದಿಂದ ರಜೆ ಹಾಕಿ ಬಂದಿದ್ದ ನಾನೇ, ಕಿರಿಯ ಮಾವ, ಮದುಮಗಳ ಕೈ ಹಿಡಿದೆ. ಅವಳು ಮಂಟಪದವರೆಗೂ ಗೇಟಿನ ಕಡೆ ನೋಡುತ್ತಲೇ ನಡೆದಳು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಕ್ಕ ಚೌತಿಗೂ ತವರಿಗೆ ಬರುವುದು ಬಿಟ್ಟಳು. ಈಗ ಎರಡನೆಯವಳ ಮದುವೆ ನಿಶ್ಚಯವಾಗಿತ್ತು, ಸಂಕ್ರಾಂತಿ ಕಳೆದ ಮೇಲೆ. ಅಕ್ಕ ನನಗೆ ಫೋನು ಮಾಡಿ ಹೇಳಿದಳು: “ಈ ಸಲವೂ ಕೈ ಹಿಡೂಕೆ ನೀನೇ ಮುಂದೆ ಬಂದ್ರೆ, ನಾನು ಅಡುಗೆಮನೆ ಬಿಟ್ಟು ಹೊರಗೆ ಬರೂದಿಲ್ಲ. ಅವ್ರಿಬ್ರನ್ನೂ ಗಾಳಕ್ಕೆ ಕರ್ಕಂಡು ಹೋಗು ತಮಾ. ಮಾತಾಡ್ಸದೆ ದಡಕ್ಕೆ ತರಬೇಡ.”

ಇನ್ನೊಬ್ಬರೂ ಬರುತ್ತಾರೆಂದು ಇಬ್ಬರಿಗೂ ಹೇಳಿಯೇ ಕರೆದೆ. ಇಬ್ಬರೂ ಒಂದೇ ಮಾತು ಹೇಳಿದರು: “ಹೊಳೆ ಯಾರಪ್ಪಂದೂ ಅಲ್ಲ. ಬರ್ತೆ.”

ಬೆಳಗಿನ ಭರತ ಏರಿದಾಗ ದೋಣಿ ಬಿಟ್ಟೆವು. ಉಬ್ಬರಕ್ಕೆ ನಮ್ಮಲ್ಲಿ ಭರತ ಎಂದೇ ಹೇಳುವುದು, ಇಳಿತಕ್ಕೆ ಇಳತ. ನೆರೆಮನೆಯವರಿಂದ ಕೇಳಿ ತಂದ ದೋಣಿ. ಅಣ್ಣ ಅದನ್ನು ಮುಖ್ಯ ಹೊಳೆಯಿಂದ ತಿರುಗಿಸಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ನಡುವಿನ ಒಂದು ಕವಲಿಗೆ ನುಗ್ಗಿಸಿದ. ಅಲ್ಲಿ ಮೀನು ಸಿಕ್ಕಿತು, ಹಾಗೆ ಸಿಗಬಾರದಷ್ಟು. ಬುಟ್ಟಿಯಲ್ಲಿ ನೊಗ್ಲಿಗಳು ಒಂದರ ಮೇಲೊಂದು ಬಿದ್ದು ಒದ್ದಾಡಿದವು. ಮಾತು ಮಾತ್ರ ನನ್ನ ಮೂಲಕವೇ ಹೋಗಬೇಕು.

“ಶೆಟ್ಲಿ ಮುಗೀತಾ ಕೇಳು,” ಎಂದ ಅಣ್ಣ.

“ಮುಗೀಲಿಲ್ಲ ಹೇಳು,” ಎಂದರು ಭಾವ.

ಎರಡು ಮಾರು ದೂರದಲ್ಲಿ ಕೂತವರು. ಇಬ್ಬರಿಗೂ ಎಲ್ಲ ಕೇಳಿಸುತ್ತದೆ. ಆದರೂ ನಾನು ಹೇಳಬೇಕು, ಹೇಳದಿದ್ದರೆ “ಹೇಳಿದ್ಯಾ?” ಎಂದು ಎರಡೂ ಕಡೆಯಿಂದ ಕೇಳುತ್ತಾರೆ. ಮಾತು ಬಿಟ್ಟ ಮನೆಯಲ್ಲಿ ನಡುವಿನ ಗೋಡೆಗೇ ಕಿವಿನೋವು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆ ಗೋಡೆಯ ಕಷ್ಟ ನನಗೆ ಅಂದು ಗೊತ್ತಾಯಿತು.

ಕಾಂಡ್ಲದ ಬೇರುಗಳು ಒಂದೊಂದಾಗಿ ನೀರಿನಿಂದ ಹೊರಗೆ ಬರುತ್ತಿದ್ದದ್ದು ಅಣ್ಣನಿಗೆ ಕಂಡಿತ್ತು. ದೋಣಿ ಕಟ್ಟಲು ಹುಗಿದ ಗಳದಲ್ಲಿ ಒದ್ದೆಯ ಗುರುತು ಕೆಳಗೆ ಕೆಳಗೆ ಇಳಿಯುತ್ತಿದ್ದದ್ದು ಭಾವನಿಗೆ ಕಂಡಿತ್ತು. ಹೊಳೆಯ ಮಕ್ಕಳು, ಇಬ್ಬರಿಗೂ ತಿಳಿಯದ್ದೇನಲ್ಲ. ಆದರೆ ಗಳ ಕೀಳಬೇಕಾದವರು ಭಾವ, ಹಗ್ಗ ಬಿಚ್ಚಬೇಕಾದವನು ಅಣ್ಣ. ಹೊರಡುವ ಮಾತನ್ನು ಮೊದಲು ಆಡುವವರು ಯಾರು? ಅದನ್ನು ನನ್ನ ಮೂಲಕ ಹೇಳಿಸಿದರೂ ಸೋತಂತೆ. ಭಟ್ಕಳದ ಕಚೇರಿಯಲ್ಲಿ ಕೂತು ಕೂತು ನನಗೆ ನೀರಿನ ಲೆಕ್ಕ ಮರೆತೇಹೋಗಿತ್ತು. ನಾನು ಬುಟ್ಟಿ ನೋಡುತ್ತಿದ್ದೆ. ದೋಣಿಯ ಅಡಿ ಕೆಸರಿಗೆ ತಾಗಿ ‘ಸುಯ್’ ಎಂದಿತು. ಆಮೇಲೆ ಅದು ಮಿಸುಕಲಿಲ್ಲ.

ಅಣ್ಣ ಇಳಿದು ನೂಕಲು ನೋಡಿದ. ತೊಡೆಯವರೆಗೆ ಹೂತುಹೋದ. ಮೇಲೆಳೆದುಕೊಳ್ಳುವಾಗ ಕೆಸರಿನೊಳಗಿನ ಚಿಪ್ಪು ಅಂಗಾಲನ್ನು ಸೀಳಿತು. ಒಂದು ಚಪ್ಪಲಿ ಅಲ್ಲಿಯೇ ಉಳಿಯಿತು. ಭಾವ ಹೆಗಲಿನ ಟವೆಲ್ ತೆಗೆದು ನನ್ನ ಮಡಿಲಿಗೆ ಎಸೆದರು.

“ಕಟ್ಟೂಕೆ ಹೇಳು.”

“ಬೇಡ ಹೇಳು.”

“ರಕ್ತ ದೋಣಿಗೆ ಬೀಳ್ತದೆ. ದೋಣಿ ಅವಂದಲ್ಲ ಹೇಳು.”

ಅಣ್ಣ ಟವೆಲ್ ಕಟ್ಟಿಕೊಂಡ.

ನೋಡುನೋಡುತ್ತ ಕವಲು ಖಾಲಿಯಾಯಿತು. ಸುತ್ತ ಹೊಳೆಯುವ ಕೆಸರು, ಅದರ ಮೇಲೆ ಓಡುವ ಸಣ್ಣ ಏಡಿಗಳು. ಆಚೆ ಮುಖ್ಯ ಹೊಳೆಯಲ್ಲಿ ತದಡಿ ಬಂದರಿನ ದೋಣಿಗಳು ಹೋಗುವುದು ಕಾಣುತ್ತದೆ, ಕೂಗಿದರೆ ಕೇಳುವುದಿಲ್ಲ. ಬಿಸಿಲು ಏರಿತು. ಎದ್ದು ನಿಂತರೆ ದೋಣಿ ಓರೆಯಾಗುತ್ತದೆ, ಕೂತರೆ ಮಂಡಿ ಹಿಡಿಯುತ್ತದೆ. ಚಳಿಗಾಲದಲ್ಲಿ ಬೆಳಗಿನ ಭರತ ದೊಡ್ಡದು, ಸಂಜೆಯದು ಬಡಕಲು. ಬೆಳಗಿನ ನೀರು ಎತ್ತಿ ತಂದಿಟ್ಟದ್ದನ್ನು ಸಂಜೆಯ ನೀರು ಎತ್ತುತ್ತದೆಂದು ನಂಬುವ ಹಾಗಿರಲಿಲ್ಲ. ಇದನ್ನೂ ಅವರಿಬ್ಬರು ನನಗೇ ಹೇಳಿದರು, ಒಬ್ಬರಾದ ಮೇಲೆ ಒಬ್ಬರು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಯೇ ಇಲ್ಲವೆಂಬಂತೆ.

ಅಕ್ಕನ ಫೋನು ಬಂತು. “ಮಾತಾಡಿದ್ರಾ?”

“ಇಲ್ಲ. ದೋಣಿ ಕೆಸರಲ್ಲಿ ಕೂತದೆ. ಸಂಜಿವರೆಗೆ ನೀರಿಲ್ಲ.”

“ಆತು. ಒಳ್ಳೇದಾತು,” ಎಂದು ಇಟ್ಟುಬಿಟ್ಟಳು.

ಅವಲಕ್ಕಿಯನ್ನು ಮೂರು ಪಾಲು ಮಾಡಿ ತಿಂದೆವು. ನೀರಿನ ಬಾಟಲಿ ನನ್ನ ಕೈಯಿಂದಲೇ ಆಚೆಗೂ ಈಚೆಗೂ ಹೋಯಿತು. ಅಣ್ಣ ಕವಳ ಮಡಚಿ ಬಾಯಿಗೆ ಹಾಕಿಕೊಂಡ. ಒಂದು ಕಾಲದಲ್ಲಿ ಎರಡು ಮಡಚುತ್ತಿದ್ದ, ಒಂದು ಭಾವನಿಗೆ. ಭಾವ ಸುಣ್ಣದ ಡಬ್ಬಿಯ ಸಪ್ಪಳ ಕೇಳಿ ಕತ್ತು ಅರ್ಧ ತಿರುಗಿಸಿ, ಮತ್ತೆ ಘಟ್ಟದ ಕಡೆ ನೋಡಿದರು. ಎದ್ದು ಓಡಿಹೋಗೋಣವೆನ್ನಿಸಿತು. ಎಲ್ಲಿಗೆ ಓಡುವುದು, ಕಾಲಿಟ್ಟರೆ ಕೆಸರು.

ಬಿಸಿಲು ಇಳಿಯತೊಡಗಿದಾಗ ಬಳಚಿನ ಚಿಪ್ಪು ಹೆಕ್ಕುವ ಹೆಂಗಸರು ಆಚೆಯ ಮರಳು ದಿಬ್ಬದಿಂದ ಮನೆಗೆ ಹೊರಟರು. ಅವರಲ್ಲಿ ವಯಸ್ಸಾದವಳೊಬ್ಬಳು ಬುಟ್ಟಿಯನ್ನು ಸೊಂಟಕ್ಕಿಟ್ಟು ನಮ್ಮ ಹತ್ತಿರದ ಏರಿಯ ಮೇಲೆ ನಿಂತಳು.

“ಎಂತ ಒಡೆಯ, ದೋಣಿ ನೆಟ್ಟಿದ್ರಾ? ನಟ್ಟಿ ಕಾಲ ಮುಗ್ದಿತಲ್ಲ.”

“ಬೆಳೆ ಬಂದ್ಮೇಲೆ ನಿಂಗೂ ಒಂದು ದೋಣಿ ಕೊಡ್ತೆ,” ಎಂದೆ.

“ದೋಣಿ ಬೇಡ. ಪಾಲು ಮಾಡುವಾಗ ಕಂಡವ್ರಿಗೆ ಒಂದು ಹಿಡಿ ಮೀನು ಅಲ್ದಾ? ನಾ ಕಂಡೆ. ಪಾಲು ಮಾಡಿ. ಬಿಸಲಿಗೆ ಮೀನು ಹಾಳಾಗೂದು ಕಾಂಬುದಿಲ್ವಾ? ಗಂಡಸ್ರು ಮೂರು ಜನ ಕೂತು ಎಂತ ಮಾಡ್ತ್ರಿ?”

ಅವಳು ಏರಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಇನ್ನು ಪಾಲು ಮಾಡದೆ ಗತಿಯಿಲ್ಲ. ನಮ್ಮ ಹೊಳೆಯಲ್ಲಿ ಪಾಲಿಗೆ ಒಂದು ಕ್ರಮವಿದೆ. ಕಿರಿಯವನು ಗುಂಪು ಹಾಕಬೇಕು. ಗುಂಪು ಹಾಕಿದವನು ಮತ್ತೆ ಬಾಯಿ ಬಿಡಬಾರದು. ಉಳಿದವರಲ್ಲಿ ಒಬ್ಬರು ಬೆನ್ನು ತಿರುಗಿಸಿ ಕೂರಬೇಕು. ಇನ್ನೊಬ್ಬರು ಗುಂಪಿಗೆ ಬೆರಳಿಟ್ಟು ಯಾರಿಗೆ ಎಂದು ಕೇಳಬೇಕು. ಕಾಣದವನು ಹೇಳಿದ್ದೇ ಪಾಲು. ಹಾಗೆ ಮಾಡಿದರೆ ದೊಡ್ಡ ಮೀನಿನ ಮೇಲೆ ಯಾರಿಗೂ ಜಗಳ ಬರುವುದಿಲ್ಲ. ನಮ್ಮಲ್ಲಿ ಬೆನ್ನು ಬೆಳಗಿನಿಂದ ತಿರುಗಿಯೇ ಇತ್ತು.

ನಾನು ದೋಣಿಯ ಹಲಗೆಯ ಮೇಲೆ ಮೂವರಿಗೆ ಮೂರು, ದೋಣಿ ಕೊಟ್ಟವರಿಗೆ ಒಂದು ಎಂದು ನಾಲ್ಕು ಗುಂಪು ಹಾಕಿ, ಹಿಡಿ ಮೀನು ಆ ಹೆಂಗಸಿಗೆಂದು ಬದಿಗಿಟ್ಟು, ಬಾಯಿ ಮುಚ್ಚಿಕೊಂಡೆ. ಮೇಲೆ ಗರುಡವೊಂದು ಸುತ್ತು ಹಾಕುತ್ತಿತ್ತು. ಹೆಂಗಸು ಬುಟ್ಟಿಯ ಬಳಚನ್ನು ಒಮ್ಮೆ ಕುಲುಕಿದಳು.

ಭಾವ ಕಷ್ಟಪಟ್ಟು ಹೊರಳಿ ಇತ್ತ ಮುಖ ಮಾಡಿದರು. ಒಂದು ಗುಂಪಿಗೆ ಬೆರಳಿಟ್ಟರು.

“ಇದ್ಯಾರಿಗೆ?”

ಅಣ್ಣನ ಬೆನ್ನು ನೆಟ್ಟಗಾಯಿತು. ಅವನು ಹೇಳುವುದಿಲ್ಲವೆಂದೇ ನಾನು ತಿಳಿದೆ.

“ದೋಣಿಗೆ,” ಎಂದ.

“ಇದ್ಯಾರಿಗೆ?”

“ತಮ್ಮಂಗೆ.”

“ಇದ್ಯಾರಿಗೆ?”

“ನಂಗೆ.”

ಉಳಿದದ್ದು ಒಂದೇ. ಅದನ್ನು ಕೇಳುವ ಅಗತ್ಯವಿರಲಿಲ್ಲ. ಭಾವ ಆದರೂ ಬೆರಳಿಟ್ಟರು.

“ಇದು?”

“ಅಕ್ಕಂಗೆ,” ಎಂದ ಅಣ್ಣ.

“ಹಂಗಾರೆ ನಂಗೆ ಎಂತ ಇಲ್ಲ.”

“ಅಕ್ಕ ಬಡಿಸಿದ್ರೆ ಉಣ್ಣಿ. ಬಡಿಸ್ದಿದ್ರೆ ಫೋನಲ್ಲಿ ಚಿತ್ರ ಕಳಿಸ್ತದೆ, ಅದನ್ನೇ ನೋಡ್ಕಂಡು ಉಣ್ಣಿ.”

ಏರಿಯ ಮೇಲಿನ ಹೆಂಗಸಿಗೆ ತಲೆಬುಡ ತಿಳಿಯದಿದ್ದರೂ ನಕ್ಕುಬಿಟ್ಟಳು. ನಾನು ನಗಲಿಲ್ಲ. ಭಾವನ ಮುಖ ಕೆಂಪಾಗಿತ್ತು. ಅವರು ಆ ಗುಂಪಿನ ಮೇಲಿನ ಬೆರಳನ್ನು ಹಿಂದೆಗೆದುಕೊಂಡರು.

“ತಪ್ಪಾತು,” ಎಂದರು ಕೊನೆಗೆ. “ಜ್ವರ ಅಂದೇಳಿ ನೆವ ಹೇಳೂದಿಲ್ಲ. ಯಾರ್ದಾದ್ರೂ ಹೆಗಲ ಮೇಲೆ ಹೊರ್ಸ್ಕಂಡಾದ್ರೂ ಹೋಗಿ ಅಂದಿತ್ತು ನಿನ್ನಕ್ಕ. ನಾ ಕೇಳ್ಲಿಲ್ಲ.”

ಅಣ್ಣ ಸಮುದ್ರದ ಕಡೆಯೇ ನೋಡುತ್ತಿದ್ದ.

“ನಿನ್ನ ಇಲ್ಲಿ ಕರೂದಿಲ್ಲ,” ಎಂದರು ಭಾವ. “ಕೆಸರಲ್ಲಿ ಸಿಕ್ಕಿಬಿದ್ದು ಕರೆದ್ರೆ ಅದೂ ಫೋನಿನ ಕರೆಯಾಂಗೇ. ಮನೆಗೆ ಬರ್ತೆ.”

ಅಣ್ಣ ದೋಣಿಯ ಅಂಚಿನಿಂದ ಬಗ್ಗಿ ಕೆಳಗೆ ನೋಡಿದ. “ನೀರು ಬಂತು. ಗಳ ಕೀಳಿ,” ಎಂದ. ನನಗಲ್ಲ.

ನೀರು ನಿಜವಾಗಿಯೂ ಬಂದಿತ್ತು, ಬಡಕಲು ನೀರೇ. ಬಿಸಿಲು ಕಂತುವ ಹೊತ್ತಿಗೆ ಅದು ದೋಣಿಯ ಅರ್ಧ ಪಕ್ಕೆಗೆ ತಾಗಿ ನಿಂತಿತು. ಅಣ್ಣ ಕಾಲಿನ ಗಾಯ ಲೆಕ್ಕಿಸದೆ ಇಳಿದ. ಭಾವ ಇನ್ನೊಂದು ಬದಿಗೆ ಇಳಿದರು. “ನೀವು ಅಡಿಗೆ ಕೈ ಕೊಡಿ, ಎತ್ತಬೇಡಿ, ನೂಕಿ.” “ಗೊತ್ತದೆ ಮಾರಾಯಾ, ನಿಂಗೆ ಕಲ್ಸಿದ್ದು ನಾನೇ.” ನಾನು ಗಳ ಊರಿ ಒತ್ತಿದೆ. ದೋಣಿ ಕೆಸರನ್ನು ಒಲ್ಲದ ಮನಸ್ಸಿನಿಂದ ಬಿಟ್ಟಿತು. ದಡದವರೆಗೂ ಅವರು ನೊಗ್ಲಿಗೆ ಶೆಟ್ಲಿ ಒಳ್ಳೆಯದೋ ಎರೆಹುಳ ಒಳ್ಳೆಯದೋ ಎಂದು ಜಗಳಾಡಿದರು. ಭಾವ ಮನೆಗೆ ಬಂದು ಕರೆದ ಮೇಲೂ ಅಣ್ಣ ಮದುವೆಗೆ ಬರುತ್ತಾನೋ ಇಲ್ಲವೋ, ಅದು ನನಗೆ ಅಂದು ಗೊತ್ತಾಗಲಿಲ್ಲ.

ಸಂಕ್ರಾಂತಿಗೆ ಮೊದಲೇ ಭಾವ ಮತ್ತು ಅಕ್ಕ ರಿಕ್ಷಾ ಮಾಡಿಕೊಂಡು ಬಂದು, ತೆಂಗಿನಕಾಯಿ ವೀಳ್ಯ ಕೊಟ್ಟು, ಅಣ್ಣ ಅತ್ತಿಗೆಗೆ ಕುಂಕುಮ ಹಚ್ಚಿ ಹೋದರಂತೆ. ಮದುವೆಯ ದಿನ ನಾನು ಭಟ್ಕಳದಿಂದ ಬೆಳಗಿನ ಬಸ್ಸಿಗೆ ಬಂದೆ. ಅಣ್ಣ ಆಗಲೇ ಚಪ್ಪರದ ಕೆಳಗೆ ನಿಂತಿದ್ದ. ಅಂಗಾಲಿನ ಗಾಯ ಇನ್ನೂ ಪೂರ್ತಿ ವಾಸಿಯಾಗಿರಲಿಲ್ಲ. ಮುಹೂರ್ತಕ್ಕೆ ಅವನು ಸೊಸೆಯ ಕೈ ಹಿಡಿದ. ಎರಡು ಹೆಜ್ಜೆ ಕುಂಟಿದ ಮೇಲೆ ಸೊಸೆಯೇ ಅವನ ಕೈ ಹಿಡಿದು, ನಿಧಾನವಾಗಿ ಮಂಟಪಕ್ಕೆ ಕರೆದುಕೊಂಡು ಹೋದಳು. ಅಕ್ಕ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದಳು.